ಆ ರೂಮಲ್ಲಿ ಯಾರಿದ್ರು?

1941ರ ಸೆಪ್ಟೆಂಬರ್ 5ನೇ ತಾರೀಖು ಟೋಕಿಯೋ ಅರಮನೆಯಲ್ಲಿ ನಡೆದ ಒಂದು ಸಣ್ಣ ಮಾತುಕತೆಯಿಂದ ಶುರು ಮಾಡ್ತೀನಿ. ಚಕ್ರವರ್ತಿ ಹಿರೋಹಿತೊ ತನ್ನ ಭೂಸೇನೆಯ ಮುಖ್ಯಸ್ಥ ಸುಗಿಯಾಮನನ್ನ ಕರೆಸಿ, ಅಮೆರಿಕದ ಜೊತೆ ಯುದ್ಧ ಆದ್ರೆ ಎಷ್ಟು ದಿನ ಹಿಡಿಯುತ್ತೆ ಅಂತ ಕೇಳ್ದ. ದಕ್ಷಿಣದ ಕಾರ್ಯಾಚರಣೆ ಮೂರು ತಿಂಗಳಲ್ಲಿ ಮುಗಿಯುತ್ತೆ ಅಂದ ಸುಗಿಯಾಮ. ಚಕ್ರವರ್ತಿಗೆ ಹಳೇದು ನೆನಪಿತ್ತು. 1937ರಲ್ಲಿ ಚೀನಾ ಜೊತೆ ಯುದ್ಧ ಶುರುವಾದಾಗ ಇದೇ ಮನುಷ್ಯ ಯುದ್ಧಮಂತ್ರಿ, ಒಂದು ತಿಂಗಳಲ್ಲಿ ಮುಗಿಸ್ತೀವಿ ಅಂದಿದ್ದ. ನಾಲ್ಕು ವರ್ಷ ಆಯ್ತಲ್ಲ, ಯಾಕೆ ಇನ್ನೂ ಮುಗಿದಿಲ್ಲ ಅಂತ ಕೇಳಿದ್ದಕ್ಕೆ ಸುಗಿಯಾಮ, ಚೀನಾದ ಒಳನಾಡು ಬಹಳ ವಿಶಾಲ ಅಂತ ಸಮಜಾಯಿಷಿ ಕೊಟ್ಟ. ಚೀನಾ ವಿಶಾಲ ಆದ್ರೆ ಪೆಸಿಫಿಕ್ ಸಮುದ್ರ ಅದಕ್ಕಿಂತ ವಿಶಾಲ ಅಲ್ವಾ ಅಂದ ಚಕ್ರವರ್ತಿ. ಸುಗಿಯಾಮ ತಲೆ ತಗ್ಗಿಸಿ ನಿಂತುಬಿಟ್ಟ.

ಆಗ ಪಕ್ಕದಲ್ಲಿದ್ದ ನೌಕಾಪಡೆಯ ನಗಾನೊ ಸಹಾಯಕ್ಕೆ ಬಂದ. ರೋಗಿ ಆಪರೇಷನ್ ಮಾಡದೇ ಇದ್ರೆ ಸಾಯ್ತಾನೆ, ಮಾಡಿದ್ರೆ ಉಳಿದ್ರೂ ಉಳೀಬಹುದು ಅಂತ ಒಂದು ಹೋಲಿಕೆ ಕೊಟ್ಟ. ಎಷ್ಟು ಚಂದದ ಹೋಲಿಕೆ ನೋಡಿ, ಆದ್ರೆ ಆ ರೋಗ ಬಂದಿದ್ದು ಎಲ್ಲಿಂದ ಅಂತ ಯಾರೂ ಕೇಳ್ಲಿಲ್ಲ. ಜುಲೈನಲ್ಲಿ ಜಪಾನ್ ಇಂಡೋಚೀನಾದ ದಕ್ಷಿಣಕ್ಕೆ ಸೈನ್ಯ ನುಗ್ಗಿಸ್ತು, ಅದಕ್ಕೆ ಅಮೆರಿಕ ಎಣ್ಣೆ ನಿಲ್ಲಿಸ್ತು, ಜಪಾನಿಗೆ ಬರ್ತಿದ್ದ ಎಣ್ಣೆಯಲ್ಲಿ ಸುಮಾರು 80 ಪರ್ಸೆಂಟ್ ಅಮೆರಿಕದ್ದೇ. ಇರಲಾರದವನು ಇರುವೆ ಬಿಟ್ಕೊಂಡ ಅಂತಾರಲ್ಲ, ಹಾಗೆ. ಚೀನಾದಿಂದ ವಾಪಸ್ ಬಂದ್ರೆ ಎಣ್ಣೆ ಸಿಗ್ತಿತ್ತು. ವಾಪಸ್ ಬಂದ್ರೆ ಅಲ್ಲಿ ಸತ್ತ ನಮ್ಮ ಹುಡುಗರ ರಕ್ತ ನೀರುಪಾಲಾಗುತ್ತೆ ಅನ್ನೋದು ಆಗಿನ ಯುದ್ಧಮಂತ್ರಿ ತೋಜೊನ ವಾದ. ಈ ವಾದ ಸ್ವಲ್ಪ ನೆನಪಿಟ್ಕೊಳ್ಳಿ, ಇದು ಎಲ್ಲಾ ದೇಶದಲ್ಲೂ ಎಲ್ಲಾ ಭಾಷೆಯಲ್ಲೂ ಬರುತ್ತೆ.

ಇದಕ್ಕೆ ಒಂದು ವಾರದ ಹಿಂದೆ ಇನ್ನೊಂದು ನಡೆದಿತ್ತು, ನನಗೆ ಅದೇ ಹೆಚ್ಚು ಕಾಡೋದು. ಜಪಾನ್ ಸರ್ಕಾರವೇ ಸಮಗ್ರ ಯುದ್ಧ ಅಧ್ಯಯನಕ್ಕೆ ಅಂತ ಒಂದು ಸಂಸ್ಥೆ ಮಾಡಿ, ಬೇರೆಬೇರೆ ಇಲಾಖೆ, ಸೈನ್ಯ, ಖಾಸಗಿ ಕಂಪನಿಗಳಿಂದ ಮೂವತ್ತು ಚಿಲ್ಲರೆ ವಯಸ್ಸಿನ ಬುದ್ಧಿವಂತ ಹುಡುಗರನ್ನ ಆರಿಸಿ ತಂದಿತ್ತು. ಅವರು ತಮ್ಮತಮ್ಮಲ್ಲೇ ಒಂದು ಅಣಕು ಮಂತ್ರಿಮಂಡಲ ಮಾಡ್ಕೊಂಡು, ಎಣ್ಣೆ ಎಷ್ಟು ಹಡಗು ಎಷ್ಟು ತಿಂಗಳಿಗೆ ಎಷ್ಟು ಹಡಗು ಮುಳುಗುತ್ತೆ ಅಂತೆಲ್ಲ ಲೆಕ್ಕ ಹಾಕಿ, ಆಗಸ್ಟ್ ಕೊನೆಯಲ್ಲಿ ನಿಜವಾದ ಮಂತ್ರಿಗಳ ಮುಂದೆ ಒಪ್ಪಿಸಿದ್ರು. ಮೊದಮೊದಲು ಗೆಲ್ತೀವಿ, ಆಮೇಲೆ ಯುದ್ಧ ಎಳೆಯುತ್ತೆ, ಹಡಗು ಸಾಲಲ್ಲ, ಕೊನೆಗೆ ರಷ್ಯಾನೂ ಬರುತ್ತೆ, ಸೋಲ್ತೀವಿ. ಮುಂದೆ ಆಗಿದ್ದು ಹೆಚ್ಚುಕಮ್ಮಿ ಹಾಗೇ. ತೋಜೊ ಎಲ್ಲಾ ಕೇಳ್ಸ್ಕೊಂಡ, ಇದು ಟೇಬಲ್ ಮೇಲಿನ ಲೆಕ್ಕ, ರಷ್ಯಾ ಜೊತೆ 1904ರಲ್ಲಿ ಯುದ್ಧ ಮಾಡಿದಾಗಲೂ ಗೆಲ್ತೀವಿ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ ಅಂದ. ಹೊರಗಡೆ ಇದನ್ನ ಮಾತಾಡ್ಬೇಡಿ ಅಂತಾನೂ ಹೇಳ್ದ.

ಮಾಹಿತಿ ಇರ್ಲಿಲ್ಲ ಅಂತ ಹೇಳೋ ಹಾಗೇ ಇಲ್ಲ. ವಿದುರ ರಾತ್ರಿ ಪೂರ್ತಿ ಕೂತು ಧೃತರಾಷ್ಟ್ರನಿಗೆ ಹೇಳ್ತಾನಲ್ಲ, ಅವನೂ ಎಲ್ಲಾ ಕೇಳ್ತಾನೆ, ನೀನು ಹೇಳೋದು ಸರಿ ಕಣಪ್ಪಾ, ಆದ್ರೆ ದುರ್ಯೋಧನ ಎದುರಿಗೆ ಬಂದ ಕೂಡ್ಲೇ ನನ್ನ ಬುದ್ಧಿ ತಿರುಗಿಬಿಡುತ್ತೆ ಅಂತಾನೆ. ಧೃತರಾಷ್ಟ್ರ ಕುರುಡ ಅಂತ ಎಲ್ಲರಿಗೂ ಗೊತ್ತು, ಕಿವಿ ಮಾತ್ರ ಚೆನ್ನಾಗೇ ಇತ್ತು ಅನ್ನೋದನ್ನ ನಾವು ಮರೀತೀವಿ.

ಯುದ್ಧ ಯಾಕಾಗುತ್ತೆ ಅಂತ ಯಾರನ್ನ ಕೇಳಿದ್ರೂ ಹೆಣ್ಣು ಹೊನ್ನು ಮಣ್ಣು ಅಂತಾರೆ. ಈಗಿನ ಕಾಲಕ್ಕೆ ಎಣ್ಣೆ, ಗಡಿ, ಧರ್ಮ, ಇಲ್ಲಾ ಒಬ್ಬ ತಲೆಕೆಟ್ಟ ನಾಯಕ. ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಗಡಿ ಜಗಳ ಐವತ್ತು ವರ್ಷದಿಂದ ಇರುತ್ತೆ, ಎಣ್ಣೆ ಯಾವತ್ತಿಂದಾನೋ ಅಲ್ಲೇ ಇರುತ್ತೆ, ಯುದ್ಧ ಮಾತ್ರ ಒಂದು ನಿರ್ದಿಷ್ಟ ದಿನ ಶುರುವಾಗುತ್ತೆ. ಅವತ್ತು ಯಾಕೆ ಅಂತ ಕೇಳ್ತಾ ಹೋದ್ರೆ ಒಂದು ರೂಮು, ಹತ್ತು ಹದಿನೈದು ಜನ, ಒಂದು ಟೇಬಲ್ಲು, ಅಲ್ಲಿಗೆ ಹೋಗಿ ನಿಲ್ತೀವಿ. ದೇಶದ ದೊಡ್ಡ ದೊಡ್ಡ ಯೋಜನೆಗಳು ನೆಲ ಕಚ್ಚೋದನ್ನ ನೋಡಿದ್ರೂ ಅದೇ ರೂಮೇ ಸಿಗುತ್ತೆ. ಅದಕ್ಕೇ ನಾನು ಎರಡನ್ನೂ ಒಟ್ಟಿಗೆ ಹೇಳ್ತಿರೋದು. ವಿಷಯ ಗೊತ್ತಿರೋವನು ಆ ರೂಮಲ್ಲಿ ಇರಲ್ಲ, ಇದ್ರೆ ಬಾಯಿ ಬಿಡಲ್ಲ, ಬಿಟ್ರೆ ನಾಳೆಯಿಂದ ಇರಲ್ಲ.

1914ರ ಆಗಸ್ಟ್ 1, ಬರ್ಲಿನ್. ಜರ್ಮನಿ ರಷ್ಯಾ ಮೇಲೆ ಯುದ್ಧ ಸಾರಿಯಾಗಿದೆ, ಸೈನ್ಯ ಹೊರಡಿಸೋ ಆದೇಶಕ್ಕೆ ಕೈಸರ್, ಅಂದ್ರೆ ಜರ್ಮನ್ ಚಕ್ರವರ್ತಿ, ಸಹಿ ಹಾಕಿಯಾಗಿದೆ, ಸೇನಾ ಮುಖ್ಯಸ್ಥ ಮೋಲ್ಟ್ಕೆ ಮನೆ ಕಡೆ ಹೊರಟಿದ್ದಾನೆ. ಅಷ್ಟರಲ್ಲಿ ಲಂಡನ್ ರಾಯಭಾರಿಯಿಂದ ಟೆಲಿಗ್ರಾಂ ಬಂತು, ನೀವು ಫ್ರಾನ್ಸ್ ಮೇಲೆ ಹೋಗದಿದ್ರೆ ಬ್ರಿಟನ್ ಸುಮ್ನಿರುತ್ತೆ, ಫ್ರಾನ್ಸನ್ನೂ ಸುಮ್ನಿರಿಸುತ್ತೆ ಅನ್ನೋ ಅರ್ಥದಲ್ಲಿ. ಕೈಸರ್‌ಗೆ ಖುಷಿಯೋ ಖುಷಿ. ಮೋಲ್ಟ್ಕೆನ ಅರ್ಧ ದಾರಿಯಿಂದ ವಾಪಸ್ ಕರೆಸಿ, ಹಾಗಾದ್ರೆ ಇಡೀ ಸೈನ್ಯವನ್ನ ಪೂರ್ವಕ್ಕೆ ತಿರುಗಿಸಿ ಅಂದ. ಮೋಲ್ಟ್ಕೆಗೆ ಕೈಕಾಲು ತಣ್ಣಗಾಯ್ತು. ಆ ಪ್ಲಾನ್ ಪಶ್ಚಿಮಕ್ಕೆ ಹೋಗೋಕೆ ಅಂತಾನೇ ವರ್ಷಗಟ್ಟಲೆ ಕೂತು ಮಾಡಿದ್ದು. ಒಂದು ಆರ್ಮಿ ಕೋರ್, ಅಂದ್ರೆ ಸೈನ್ಯದ ಒಂದು ದೊಡ್ಡ ತುಕಡಿ, ಸಾಗಿಸೋಕೆ 6,010 ರೈಲು ಬೋಗಿ ಬೇಕು, ಅಂದ್ರೆ 140 ರೈಲು, ಅದರ ಸಾಮಗ್ರಿಗೆ ಮತ್ತೆ ಅಷ್ಟೇ ರೈಲು, ಅಂಥ ಕೋರ್‌ಗಳು ನಲವತ್ತು. ಒಟ್ಟು 11 ಸಾವಿರ ರೈಲುಗಳ ವೇಳಾಪಟ್ಟಿ, ಯಾವ ಸೇತುವೆ ಮೇಲೆ ಯಾವ ಹೊತ್ತಿಗೆ ಎಷ್ಟು ಗಾಲಿ ಉರುಳ್ಬೇಕು ಅನ್ನೋವರೆಗೂ ಬರ್ದಿಟ್ಟಿತ್ತು. ಆಗಲ್ಲ ಮಹಾಪ್ರಭು, ಒಂದ್ಸಲ ನಿಗದಿಯಾದ್ಮೇಲೆ ಬದಲಾಯಿಸೋಕೆ ಆಗಲ್ಲ ಅಂದ. ಕೈಸರ್ ಸಿಟ್ಟಿಂದ, ನಿನ್ನ ದೊಡ್ಡಪ್ಪನಾಗಿದ್ರೆ ಬೇರೆ ಉತ್ತರ ಕೊಡ್ತಿದ್ದ ಅಂದುಬಿಟ್ಟ. ಆ ದೊಡ್ಡಪ್ಪ 1870ರ ಯುದ್ಧ ಗೆದ್ದ ದೊಡ್ಡ ಮೋಲ್ಟ್ಕೆ. ಪಾಪ, ಈ ಮಾತು ಇವನಿಗೆ ಎಷ್ಟು ಚುಚ್ಚಿತು ಅಂದ್ರೆ ಆಮೇಲೆ ತನ್ನ ನೆನಪುಗಳಲ್ಲಿ ಅದನ್ನೇ ಬರ್ಕೊಂಡಿದ್ದಾನೆ. ರಾತ್ರಿ ಹನ್ನೊಂದರ ಹೊತ್ತಿಗೆ ಲಂಡನ್‌ನಿಂದ ಇನ್ನೊಂದು ಟೆಲಿಗ್ರಾಂ ಬಂತು, ಮೊದಲಿನದ್ದು ತಪ್ಪು ತಿಳುವಳಿಕೆ ಅಂತ. ಕೈಸರ್ ಮಲಗೋ ಬಟ್ಟೆಯಲ್ಲೇ ಎದ್ದು ಬಂದು, ಈಗ ನಿನಗೆ ಏನು ಬೇಕೋ ಮಾಡ್ಕೋ ಅಂದ.

ಇದರಲ್ಲಿ ಮಜಾ ಏನಂದ್ರೆ, ಮಜಾ ಅನ್ನೋ ಪದ ಸರಿಯಲ್ಲ ಬಿಡಿ, ಯುದ್ಧ ಎಲ್ಲಾ ಮುಗಿದು ವರ್ಷಗಳಾದ್ಮೇಲೆ ಹಿಂದೆ ಜರ್ಮನ್ ಸೈನ್ಯದ ರೈಲ್ವೆ ವಿಭಾಗದ ಮುಖ್ಯಸ್ಥನಾಗಿದ್ದ ಸ್ಟಾಬ್ಸ್ ಅನ್ನೋವನು ಚಾರ್ಟು ಸಮೇತ ಲೆಕ್ಕ ಹಾಕಿ ತೋರಿಸ್ದ, ಆಗ್ತಿತ್ತು, ಆಗಸ್ಟ್ 15ರ ಹೊತ್ತಿಗೆ ನಾಲ್ಕು ಸೇನೆಗಳನ್ನ ಪೂರ್ವಕ್ಕೆ ತಿರುಗಿಸಬಹುದಿತ್ತು ಅಂತ. ರೈಲು ಗೊತ್ತಿದ್ದವನನ್ನ ಅವತ್ತು ಯಾರೂ ಕೇಳಿರ್ಲಿಲ್ಲ. ಆಗಲ್ಲ ಅಂತ ಮೇಲಿನವನು ಹೇಳ್ದ, ಆಗಲ್ಲ ಅಂತಾಯ್ತು.

ಇನ್ನೊಂದು ಥರದ ರೂಮಿದೆ, ಅಲ್ಲಿ ಕೂತವರಿಗೆ ಹೊರಗಿನ ಶತ್ರುಗಿಂತ ಬೀದಿಯಲ್ಲಿರೋ ತಮ್ಮ ಜನರದ್ದೇ ಭಯ. ಅರ್ಜೆಂಟೀನಾ, 1982. ಸೈನಿಕ ಆಡಳಿತ, ಬೆಲೆಯೇರಿಕೆ ವರ್ಷಕ್ಕೆ 100 ಪರ್ಸೆಂಟ್ ದಾಟಿತ್ತು, ಮಾರ್ಚ್ 30ಕ್ಕೆ ಬ್ಯೂನಸ್ ಐರಿಸ್‌ನಲ್ಲಿ ಸರ್ಕಾರದ ವಿರುದ್ಧ ದೊಡ್ಡ ಪ್ರತಿಭಟನೆ, ಲಾಠಿ, ಬಂಧನ. ಏಪ್ರಿಲ್ 2ಕ್ಕೆ ಸೈನ್ಯ ಬ್ರಿಟನ್ ಕೈಯಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಇಳೀತು. ಮೂರು ದಿನದ ಹಿಂದೆ ಧಿಕ್ಕಾರ ಕೂಗಿದ್ದ ಊರಲ್ಲೇ ಜನ ಬಾವುಟ ಹಿಡ್ಕೊಂಡು ಜೈಕಾರ ಹಾಕಿದ್ರು. ಅಧ್ಯಕ್ಷ ಗಾಲ್ಟಿಯೇರಿ ಬಾಲ್ಕನಿಯಿಂದ ಕೈ ಬೀಸ್ದ. ಬ್ರಿಟನ್ ಅಷ್ಟು ದೂರದಿಂದ ಬರಲ್ಲ ಅನ್ನೋದು ಇವರ ಎಣಿಕೆ, ಅದಕ್ಕೆ ಕಾರಣಾನೂ ಇತ್ತು, ಬ್ರಿಟನ್ನೇ ಹಿಂದಿನ ವರ್ಷ ಖರ್ಚು ಉಳಿಸೋಕೆ ಅಂತ ಅಲ್ಲಿದ್ದ ಎಂಡ್ಯೂರೆನ್ಸ್ ಅನ್ನೋ ಒಂದೇ ಒಂದು ಹಡಗನ್ನ ವಾಪಸ್ ಕರೆಸ್ಕೊಳ್ತೀವಿ ಅಂತ ಪ್ರಕಟ ಮಾಡಿತ್ತು. ಲಂಡನ್‌ನಲ್ಲಿ ಅದು ಬಜೆಟ್ಟಿನ ಒಂದು ಸಾಲು, ಬ್ಯೂನಸ್ ಐರಿಸ್‌ನಲ್ಲಿ ಅದು ಆಹ್ವಾನ ಪತ್ರಿಕೆ. ಬ್ರಿಟನ್ ಪ್ರಧಾನಿ ಥ್ಯಾಚರ್‌ಗೂ ಆಗ ಜನಪ್ರಿಯತೆ ಪಾತಾಳದಲ್ಲಿತ್ತು, ಬಿಟ್ಟುಕೊಟ್ರೆ ಕುರ್ಚಿ ಹೋಗ್ತಿತ್ತು, ಇದು ಮಾತ್ರ ಗಾಲ್ಟಿಯೇರಿಗೆ ಹೊಳೀಲಿಲ್ಲ. ತನ್ನ ಬೀದಿ ನೋಡಿ ಹೆದರಿದವನಿಗೆ ಎದುರಿನವಳಿಗೂ ಒಂದು ಬೀದಿ ಇದೆ ಅಂತ ಗೊತ್ತಾಗ್ಬೇಕಿತ್ತು. 74 ದಿನ, ಅರ್ಜೆಂಟೀನಾದ 649 ಜನ, ಬ್ರಿಟನ್ನಿನ 255 ಜನ ಸತ್ರು. ಶರಣಾಗಿ ಮೂರ್ನಾಲ್ಕು ದಿನಕ್ಕೆ ಗಾಲ್ಟಿಯೇರಿ ಮನೆಗೆ ಹೋದ.

ಈಗ ಯೋಜನೆಗಳ ಕಡೆ ಬರೋಣ. ಬರೋಕೆ ಮುಂಚೆ ಒಂದು ಸ್ವಂತದ ಮಾತು. ನಾನು ಸುಮಾರು ವರ್ಷ ಆಫೀಸಲ್ಲಿ ಕೂತು ರಿಪೋರ್ಟ್ ಬರೆದವನು, ಯಾವ ಆಫೀಸು ಅನ್ನೋದು ಬೇಡ. ಒಂದು ಕೆಲಸ ಶುರುವೇ ಆಗಿರ್ಲಿಲ್ಲ, ಅಂದ್ರೆ ಜಾಗ ಅಳತೆ ಮಾಡಿ ಎರಡು ಗೂಟ ನೆಟ್ಟಿದ್ರು ಅಷ್ಟೇ. ನಾನು ಬರ್ದಿದ್ದು "ಪ್ರಾಥಮಿಕ ಹಂತದಲ್ಲಿದೆ". ನನ್ನ ಮೇಲಿನವರು ಅದನ್ನ "ಪ್ರಗತಿಯಲ್ಲಿದೆ" ಮಾಡಿದ್ರು. ಅವರ ಮೇಲಿನವರು "ತ್ವರಿತ ಪ್ರಗತಿಯಲ್ಲಿದೆ" ಮಾಡಿದ್ರು. ಮೇಲಿಂದ ಮೇಲಕ್ಕೆ ಹೋಗ್ತಾ ಹೋಗ್ತಾ ಆ ಎರಡು ಗೂಟ ಉದ್ಘಾಟನೆಗೆ ದಿನ ಗೊತ್ತು ಮಾಡೋ ಲೆವೆಲ್ಲಿಗೆ ಬಂದ್ವು. ಯಾರೂ ಸುಳ್ಳು ಹೇಳಿರ್ಲಿಲ್ಲ ನೋಡಿ, ಒಬ್ಬೊಬ್ರೂ ಒಂದೊಂದು ಪದ ತಿದ್ದಿದ್ರು. ನಮ್ಮದರಲ್ಲಿ ಹೋಗಿದ್ದು ಮರ್ಯಾದೆ ಮಾತ್ರ. ಇದೇ ಕೆಲಸ ಅನ್ನದ ವಿಷಯದಲ್ಲಿ ಆದ್ರೆ?

ಚೀನಾ, 1958. ಮಾವೋನ ಮಹಾ ಜಿಗಿತ. ಹದಿನೈದು ವರ್ಷದಲ್ಲಿ ಉಕ್ಕಿನಲ್ಲಿ ಬ್ರಿಟನ್ನನ್ನ ಮೀರಿಸ್ಬೇಕು ಅಂತ ಹಿತ್ತಲಲ್ಲಿ ಕುಲುಮೆ ಹಾಕಿ ಬಾಣಲೆ, ಬೀಗ, ಗುದ್ದಲಿ ಎಲ್ಲಾ ಕರಗಿಸಿದ್ರು, ಬಂದಿದ್ದು ಕೆಲಸಕ್ಕೆ ಬಾರದ ಕಬ್ಬಿಣದ ಗಟ್ಟಿ. ಗುಬ್ಬಿ ಕಾಳು ತಿನ್ನುತ್ತೆ ಅಂತ ಊರಿಗೂರೇ ತಮಟೆ ತಟ್ಟೆ ಬಡ್ಕೊಂಡು ಗುಬ್ಬಿಗಳನ್ನ ಕೂರೋಕೆ ಬಿಡದೆ ಸುಸ್ತಾಗಿಸಿ ಬೀಳಿಸಿದ್ರು, ಹುಳ ತಿನ್ನೋರಿಲ್ಲದೆ ಬೆಳೆಗೆ ಕೀಟ ಬಿತ್ತು, 1960ರಲ್ಲಿ ಶತ್ರುಗಳ ಪಟ್ಟಿಯಿಂದ ಗುಬ್ಬಿ ತೆಗೆದು ತಿಗಣೆ ಸೇರಿಸಿದ್ರು. ಇವೆಲ್ಲ ನೀವು ಕೇಳಿರೋ ಕಥೆಗಳೇ. ಅಸಲಿ ಅನಾಹುತ ನಡೆದಿದ್ದು ಕಾಗದದ ಮೇಲೆ.

ಎಕರೆಗೆ ಎಷ್ಟು ಬೆಳೀತು ಅಂತ ರಿಪೋರ್ಟ್ ಕೊಡೋದ್ರಲ್ಲಿ ಕಮ್ಯೂನ್‌ಗಳ, ಅಂದ್ರೆ ಹಳ್ಳಿಗಳನ್ನ ಸೇರಿಸಿ ಮಾಡಿದ ಸಾಮೂಹಿಕ ಬೇಸಾಯದ ಘಟಕಗಳ, ಮಧ್ಯೆ ಪೈಪೋಟಿ ಬಿತ್ತು. ರಷ್ಯಾ ಹಿಂದಿನ ವರ್ಷ ಸ್ಪುಟ್ನಿಕ್ ಹಾರಿಸಿತ್ತಲ್ಲ, ದಾಖಲೆ ಇಳುವರಿ ಘೋಷಣೆ ಮಾಡೋದಕ್ಕೆ "ಸ್ಪುಟ್ನಿಕ್ ಹಾರಿಸೋದು" ಅಂತಾನೇ ಹೆಸರು. ಹುಬೆ ಪ್ರಾಂತ್ಯದ ಮಾಚೆಂಗ್ ಅನ್ನೋ ಕಡೆ ಭತ್ತ ಬೆಳೆದಿದ್ದಾರೆ ಅಂತ 1958ರ ಆಗಸ್ಟ್‌ನಲ್ಲಿ ಪೇಪರಲ್ಲಿ ಬಂದ ಅಂಕಿಯನ್ನ ನಮ್ಮ ಅಳತೆಗೆ ತಂದ್ರೆ ಎಕರೆಗೆ 110 ಟನ್ ದಾಟುತ್ತೆ. ಇವತ್ತಿನ ಒಳ್ಳೇ ತಳಿ, ಒಳ್ಳೇ ನೀರು, ಒಳ್ಳೇ ಗೊಬ್ಬರ ಎಲ್ಲಾ ಇದ್ರೂ ಎಕರೆಗೆ ಎರಡು ಮೂರು ಟನ್ ಬಂದ್ರೆ ರೈತ ಮೀಸೆ ತಿರುವ್ತಾನೆ. ಹೆಂಗೆ ತೋರಿಸಿದ್ರು? ಹತ್ತಾರು ಗದ್ದೆಯ ಬೆಳೆದ ಪೈರನ್ನ ಬೇರು ಸಮೇತ ಕಿತ್ತು ತಂದು ಒಂದೇ ಗದ್ದೆಗೆ ಒತ್ತೊತ್ತಾಗಿ ನೆಟ್ಟು, ಒಳಗೆ ಕೊಳೀದೇ ಇರ್ಲಿ ಅಂತ ಗಾಳಿ ಊದಿಸಿ, ಫೋಟೋದವರನ್ನ ಕರೆಸಿದ್ರು. ನೆಟ್ಟ ರೈತನಿಗೆ ಗೊತ್ತಿಲ್ವಾ? ನಾಟಿ ಮಾಡಿದ ಪ್ರತಿ ಹೆಂಗಸಿಗೂ ಗೊತ್ತಿತ್ತು.

ಇಲ್ಲಿವರೆಗೆ ತಮಾಷೆ. ಮುಂದೆ ಸರ್ಕಾರ ಲೆವಿ ಎತ್ತೋಕೆ ಬಂತು, ರಿಪೋರ್ಟಲ್ಲಿರೋ ಬೆಳೆಯ ಲೆಕ್ಕದಲ್ಲಿ. ಇರೋ ಧಾನ್ಯ ಎಲ್ಲಾ ಕೊಟ್ರೂ ಪಾಲು ತುಂಬಲ್ಲ, ಹಾಗಾದ್ರೆ ಎಲ್ಲೋ ಬಚ್ಚಿಟ್ಟಿದ್ದೀರಿ ಅಂತ ಹೊಡೆತ. 1959ರಲ್ಲಿ ಹಳ್ಳಿಗಳಲ್ಲಿ ಜನ ಮರದ ತೊಗಟೆ ತಿಂತಿದ್ದಾಗ ದೇಶ 40 ಲಕ್ಷ ಟನ್‌ಗಿಂತ ಹೆಚ್ಚು ಧಾನ್ಯ ರಫ್ತು ಮಾಡಿದೆ. ಹೆನಾನ್ ಪ್ರಾಂತ್ಯದ ಶಿನ್‌ಯಾಂಗ್ ಅನ್ನೋ ಭಾಗದಲ್ಲಿ ಸುಮಾರು 80 ಲಕ್ಷ ಜನಸಂಖ್ಯೆಯಲ್ಲಿ 10 ಲಕ್ಷದಷ್ಟು ಜನ ಸತ್ರು. ಅಲ್ಲಿಯ ಜನ ಸುಮ್ನೆ ಸಾಯ್ಲಿಲ್ಲ, ಕಾಗದ ಬರೆದ್ರು. ಹೊರಗಿರೋ ಮಕ್ಕಳಿಗೆ, ನೆಂಟರಿಗೆ, ಸರ್ಕಾರಕ್ಕೆ, ಹಸಿವಿಂದ ಸಾಯ್ತಿದೀವಿ ಅಂತ ಬರೆದ್ರು. ಅಧಿಕಾರಿಗಳು ಅಂಥ 12 ಸಾವಿರಕ್ಕೂ ಹೆಚ್ಚು ಕಾಗದಗಳನ್ನ ಪೋಸ್ಟ್ ಆಫೀಸಲ್ಲೇ ತಡೆದು ಇಟ್ಕೊಂಡ್ರು. ಒಂದ್ನಿಮಿಷ ಆ ಪೋಸ್ಟ್ ಆಫೀಸನ್ನ ಕಣ್ಮುಂದೆ ತಂದ್ಕೊಳ್ಳಿ. ದೇಶಕ್ಕೆ ಬೇಕಾಗಿದ್ದ ಮಾಹಿತಿ ಅಷ್ಟೂ ಸ್ಟ್ಯಾಂಪು ಹಚ್ಕೊಂಡು ಆ ಚೀಲಗಳಲ್ಲಿ ಬಿದ್ದಿತ್ತು.

ಹಾಗಂತ ಬೀಜಿಂಗ್‌ನಲ್ಲಿ ಯಾರೂ ಹೇಳ್ಲಿಲ್ಲ ಅಂತಿಲ್ಲ. ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್, ಕೊರಿಯಾ ಯುದ್ಧ ನಡೆಸಿದ ದಂಡನಾಯಕ, ಹಳ್ಳಿಯಲ್ಲಿ ಹುಟ್ಟಿ ಬೆಳೆದವನು, ತನ್ನ ಊರ ಕಡೆ ಹೋಗಿ ಕಣ್ಣಾರೆ ನೋಡ್ಕೊಂಡು ಬಂದಿದ್ದ. 1959ರ ಜುಲೈನಲ್ಲಿ ಲುಶಾನ್ ಬೆಟ್ಟದ ಮೇಲೆ ಪಕ್ಷದ ಸಭೆ. ಆ ಸಭೆ ಕರೆದಿದ್ದೇ ತಪ್ಪುಗಳನ್ನ ಸರಿ ಮಾಡೋಕೆ ಅನ್ನೋದನ್ನ ಗಮನಿಸಿ. ಪೆಂಗ್ ಮಾವೋಗೆ ಖಾಸಗಿಯಾಗಿ ಒಂದು ಪತ್ರ ಬರೆದ, ಮೊದಲು ಸಾಧನೆಗಳನ್ನ ಹೊಗಳಿ, ಆಮೇಲೆ ಮೆಲ್ಲಗೆ, ಅಂಕಿಅಂಶ ಉಬ್ಬಿಸೋ ಚಾಳಿ ಹರಡಿದೆ ಅಂತ. ಮಾವೋ ಆ ಪತ್ರವನ್ನ ಪ್ರಿಂಟ್ ಹಾಕಿಸಿ ಎಲ್ಲರಿಗೂ ಹಂಚಿಸ್ದ, ಒಂದು ವಾರ ಬಿಟ್ಟು ಸಭೆಯಲ್ಲಿ ನಿಂತು ಅವನನ್ನ ಹರಿದು ಹಾಕ್ದ. ಸೆಪ್ಟೆಂಬರ್ ಹೊತ್ತಿಗೆ ಪೆಂಗ್ ಮಂತ್ರಿಯಾಗಿರ್ಲಿಲ್ಲ. ತಪ್ಪು ತಿದ್ದೋ ಸಭೆ, ತಪ್ಪು ತೋರಿಸಿದವರನ್ನ ಹುಡುಕೋ ಅಭಿಯಾನವಾಗಿ ಬದಲಾಯ್ತು, ದೇಶದ ತುಂಬಾ. ರಕ್ಷಣಾ ಮಂತ್ರಿಗೇ ಈ ಗತಿ ಅಂದ್ಮೇಲೆ ಶಿನ್‌ಯಾಂಗ್‌ನ ಗುಮಾಸ್ತ ಬಾಯಿ ಬಿಡ್ತಾನಾ? ಅತಿ ಹೆಚ್ಚು ಸಾವುಗಳು ಆ ಸಭೆಯ ನಂತರದವು. ಒಟ್ಟು ಎಷ್ಟು ಅಂತ ವಿದ್ವಾಂಸರು ಇನ್ನೂ ಜಗಳ ಆಡ್ತಾರೆ, ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿವರೆಗೆ ಹೇಳ್ತಾರೆ.

ಇಷ್ಟು ದೊಡ್ಡದು ಹೇಳಿದ ಮೇಲೆ ಸಣ್ಣದೊಂದು ಹೇಳಿ ಉಸಿರು ಬಿಡೋಣ. ಹನೋಯ್, 1902, ಫ್ರೆಂಚರ ಆಡಳಿತ. ತಮ್ಮ ಬಡಾವಣೆಗೆ ಅಂತ ಹೊಸ ಒಳಚರಂಡಿ ಕಟ್ಟಿದ್ರು, ಇಲಿಗಳಿಗೆ ಅರಮನೆ ಸಿಕ್ಕಂಗಾಯ್ತು. ಪ್ಲೇಗಿನ ಹೆದರಿಕೆ ಬೇರೆ. ಇಲಿ ಕೊಂದು ತಂದವರಿಗೆ ದುಡ್ಡು, ಹೆಣ ಎಲ್ಲ ತಂದು ಸುರಿಬೇಡಿ, ಬಾಲ ತಂದ್ರೆ ಸಾಕು ಅಂದ್ರು. ಬಾಲಗಳು ಸಾವಿರಗಟ್ಟಲೆ ಬಂದ್ವು. ಸ್ವಲ್ಪ ದಿನಕ್ಕೆ ಊರಲ್ಲಿ ಬಾಲ ಇಲ್ಲದ ಇಲಿಗಳು ಓಡಾಡೋಕೆ ಶುರುವಾದ್ವು, ಬಾಲ ಕತ್ತರಿಸಿ ಬಿಟ್ರೆ ಅದು ಮರಿ ಹಾಕುತ್ತೆ, ಮರಿಗೂ ಬಾಲ ಇರುತ್ತೆ. ಊರ ಹೊರಗೆ ಇಲಿ ಸಾಕೋರೂ ಹುಟ್ಕೊಂಡ್ರು. ದಿಲ್ಲಿಯ ನಾಗರಹಾವಿನ ಕಥೆ ಅಂತ ಇದೇ ಥರದ್ದೊಂದು ವಾಟ್ಸಾಪಲ್ಲಿ ಓಡಾಡುತ್ತೆ, ಅದಕ್ಕೆ ದಾಖಲೆ ಇಲ್ಲ, ಹನೋಯ್‌ದಕ್ಕೆ ಇದೆ. ಈ ಬಾಲದ ಲೆಕ್ಕ ಮತ್ತೆ ಬರುತ್ತೆ, ಅದೇ ದೇಶದಲ್ಲೇ ಬರುತ್ತೆ.

ತಲೆಬುಡ ಇಲ್ಲದ ಆಡಳಿತಕ್ಕೆ ನಾವು ತುಘಲಕ್ ದರ್ಬಾರು ಅಂತೀವಿ. ಆದ್ರೆ ಮಹಮ್ಮದ್ ಬಿನ್ ತುಘಲಕ್ ದಡ್ಡ ಆಗಿರ್ಲಿಲ್ಲ. ಬೆಳ್ಳಿ ಕಮ್ಮಿ ಇದೆ, ತಾಮ್ರ ಹಿತ್ತಾಳೆಯ ನಾಣ್ಯಕ್ಕೇ ಬೆಳ್ಳಿಯ ಬೆಲೆ ಅಂತ ಸಾರಿಬಿಡೋಣ ಅನ್ನೋ ಯೋಚನೆ 1330ರ ಆಸುಪಾಸಿನದ್ದು, ಚೀನಾದಲ್ಲಿ ಕಾಗದದ ದುಡ್ಡು ಆಗ್ಲೇ ನಡೀತಿತ್ತು, ಇವತ್ತು ನಮ್ಮ ಜೇಬಲ್ಲಿರೋ ನೋಟೂ ಅದೇ ತತ್ವದ್ದು. ಅವನು ಕೇಳದೇ ಇದ್ದಿದ್ದು ಒಬ್ಬ ಅಕ್ಕಸಾಲಿಗನನ್ನ. ಸ್ವಾಮಿ ಈ ನಾಣ್ಯ ನಾನು ಮನೆಯಲ್ಲೇ ಹೊಡೀಬಹುದು ಅಂತ ಅವನು ಐದು ನಿಮಿಷದಲ್ಲಿ ಹೇಳ್ತಿದ್ದ. ಮನೆಮನೆಯೂ ಟಂಕಸಾಲೆ ಆಯ್ತು ಅಂತ ಆ ಕಾಲದ ಬರನಿ ಬರ್ದಿದ್ದಾನೆ. ಕೊನೆಗೆ ಸುಲ್ತಾನ ಮಾತಿಗೆ ತಪ್ಪದೆ ಆ ನಾಣ್ಯ ತಂದವರಿಗೆಲ್ಲ ಬೆಳ್ಳಿ ಕೊಟ್ಟು ಖಜಾನೆ ಬರಿದು ಮಾಡ್ಕೊಂಡ, ತಾಮ್ರದ ಗುಡ್ಡೆ ತುಘಲಕಾಬಾದಿನಲ್ಲಿ ಬಿತ್ತು. 2016ರ ನೋಟು ರದ್ದತಿಯಲ್ಲೂ ನನಗೆ ನೆನಪಾಗೋದು ಎಟಿಎಂ ಒಳಗಿನ ಟ್ರೇ. ಚಲಾವಣೆಯಲ್ಲಿದ್ದ ದುಡ್ಡಿನ ಮೌಲ್ಯದಲ್ಲಿ 86 ಪರ್ಸೆಂಟ್ ಒಂದು ರಾತ್ರಿಗೆ ನಿಂತಿತು, ಹೊಸ 2000ದ ನೋಟಿನ ಅಳತೆ ಬೇರೆ, ಟ್ರೇಯಲ್ಲಿ ಕೂರಲ್ಲ, ಎರಡು ಲಕ್ಷದಷ್ಟು ಮಷಿನ್‌ಗಳನ್ನ ಒಂದೊಂದಾಗಿ ಬಿಚ್ಚಿ ಸರಿ ಮಾಡ್ಬೇಕಾಯ್ತು. ಗುಟ್ಟಾಗಿ ಮಾಡೋ ಕೆಲಸ, ಮೆಕ್ಯಾನಿಕ್ಕನ್ನ ಕೇಳೋ ಹಾಗಿರ್ಲಿಲ್ಲ, ಅದು ನನಗೂ ಅರ್ಥ ಆಗುತ್ತೆ. ಆದ್ರೆ ಗುಟ್ಟಿಗೆ ಕೊಡೋ ಬೆಲೆ ಅದೇ. ವಾಪಸ್ ಬರಲ್ಲ ಅಂದ್ಕೊಂಡಿದ್ದ ದುಡ್ಡಲ್ಲಿ 99 ಪರ್ಸೆಂಟ್‌ಗಿಂತ ಹೆಚ್ಚು ಬ್ಯಾಂಕಿಗೆ ವಾಪಸ್ ಬಂತು ಅಂತ ರಿಸರ್ವ್ ಬ್ಯಾಂಕೇ ಆಮೇಲೆ ಲೆಕ್ಕ ಕೊಡ್ತು. ಶ್ರೀಲಂಕಾದ್ದು ನಿಮಗೆ ಗೊತ್ತೇ ಇದೆ. ಹತ್ತು ವರ್ಷದಲ್ಲಿ ಸಾವಯವಕ್ಕೆ ಹೋಗ್ತೀವಿ ಅಂತ ಚುನಾವಣೆಯಲ್ಲಿ ಹೇಳಿ, 2021ರ ಏಪ್ರಿಲ್‌ನಲ್ಲಿ ದಿಢೀರಂತ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದ್ರು. ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿ ತರಿಸ್ಕೊಳ್ತು, ನವೆಂಬರ್‌ನಲ್ಲಿ ನಿಷೇಧ ಸಡಿಲಿಸಿದ್ರು, ಅಷ್ಟರಲ್ಲಿ ಹಂಗಾಮು ಹೋಗಿತ್ತು.

ಇಲ್ಲೊಬ್ರು ಚೀಟಿ ಕಳ್ಸಿದ್ದಾರೆ, ಇದೆಲ್ಲ ರಾಜರು, ಸರ್ವಾಧಿಕಾರಿಗಳ ಕಥೆ ಆಯ್ತು, ಪ್ರಜಾಪ್ರಭುತ್ವದಲ್ಲಿ ಹೀಗಾಗಲ್ವಲ್ಲ ಅಂತ. ಅರ್ಧ ಒಪ್ತೀನಿ. ಚುನಾವಣೆ, ಸ್ವತಂತ್ರ ಪತ್ರಿಕೆ ಇರೋ ಕಡೆ ದೊಡ್ಡ ಬರಗಾಲದ ಸಾವು ಆಗಲ್ಲ ಅಂತ ಅಮರ್ತ್ಯ ಸೇನ್ ಹೇಳೋದು ಇದನ್ನೇ, ಆ ಪೋಸ್ಟ್ ಆಫೀಸಿನ ಚೀಲ ಎಲ್ಲೋ ಒಂದು ಕಡೆ ಒಡೆಯುತ್ತೆ. ಆದ್ರೆ ಯುದ್ಧದ ರೂಮಿಗೆ ಪತ್ರಕರ್ತರನ್ನ ಬಿಡಲ್ಲವಲ್ಲ. 2003ರ ಇರಾಕ್ ನೋಡಿ, ಅಲ್ಲಿ ಎರಡೂ ಕಡೆಯ ರೂಮು ಕುರುಡು. ವಾಷಿಂಗ್ಟನ್‌ಗೆ ಸದ್ದಾಂ ಹತ್ರ ಸಾಮೂಹಿಕ ನಾಶದ ಅಸ್ತ್ರ ಇದೆ ಅನ್ನೋ ಖಾತ್ರಿ. ಸದ್ದಾಂ ಸ್ವಂತ ಜನರಲ್‌ಗಳಿಗೂ ಹಾಗೇ ನಂಬಿಕೆ, ಅಂಥದ್ದೇನೂ ಇಲ್ಲ ಅಂತ 2002ರ ಡಿಸೆಂಬರ್‌ನಲ್ಲಿ ಅವನೇ ಬಾಯಿಬಿಟ್ಟು ಹೇಳಿದಾಗ ದಂಗಾದ್ರಂತೆ. ಇರಾನ್ ಹೆದರ್ಕೊಂಡಿರ್ಲಿ ಅಂತ ಗುಮಾನಿ ಹಾಗೇ ಉಳಿಸ್ಕೊಂಡಿದ್ದ. ಬಾಗ್ದಾದ್ ಬಿದ್ದ ಮೇಲೆ ಮೇ 23ಕ್ಕೆ ಅಮೆರಿಕ ಕಳ್ಸಿದ್ದ ಆಡಳಿತಗಾರ ಬ್ರೆಮರ್ ಒಂದೇ ಆದೇಶದಲ್ಲಿ ಇರಾಕಿ ಸೈನ್ಯವನ್ನೇ ಬರಖಾಸ್ತು ಮಾಡ್ದ. ಬಂದೂಕು ಹಿಡಿಯೋಕೆ ಬರೋ ಲಕ್ಷಾಂತರ ಗಂಡಸರು ಸಂಬಳ ಇಲ್ಲದೆ ಮನೆಗೆ ಹೋದ್ರು. ಮುಂದಿನದ್ದನ್ನ ಜಗತ್ತು ಟಿವಿಯಲ್ಲಿ ನೋಡ್ತು.

ರೂಮು ಸರಿಯಾಗಿ ನಡೆದಿದ್ದೂ ಇದೆ, ಅದನ್ನ ಹೇಳದೇ ಹೋದ್ರೆ ಮೋಸ ಆಗುತ್ತೆ. 1962ರ ಅಕ್ಟೋಬರ್, ಕ್ಯೂಬಾದಲ್ಲಿ ರಷ್ಯಾದ ಕ್ಷಿಪಣಿ. ಹಿಂದಿನ ವರ್ಷ ಕ್ಯೂಬಾದ ಬೇ ಆಫ್ ಪಿಗ್ಸ್ ತೀರಕ್ಕೆ ದಾಳಿಕೋರರನ್ನ ಇಳಿಸೋ, ಎಲ್ಲರೂ ತಲೆಯಾಡಿಸಿದ ಪ್ಲಾನಿನಿಂದ ಮುಖಭಂಗ ಆಗಿದ್ದು ಅಮೆರಿಕದ ಅಧ್ಯಕ್ಷ ಕೆನೆಡಿ ಮರ್ತಿರ್ಲಿಲ್ಲ. ಈ ಸಲ ಕೆಲವು ಚರ್ಚೆಗಳಿಂದ ಬೇಕಂತಲೇ ಹೊರಗುಳಿದ, ಅಧ್ಯಕ್ಷ ಎದುರಿಗಿದ್ರೆ ಜನ ಅವನ ಮುಖ ನೋಡ್ಕೊಂಡು ಮಾತಾಡ್ತಾರೆ ಅಂತ. ಮೊದಲನೇ ದಿನ ಬಹಳಷ್ಟು ಜನ ಬಾಂಬ್ ಹಾಕೋಣ ಅಂದೋರು, ಮಾತಾಡ್ತಾ ಆಡ್ತಾ ಹಡಗುಗಳನ್ನ ತಡೆಯೋ ದಿಗ್ಬಂಧನಕ್ಕೆ ಬಂದ್ರು. ಬಾಂಬ್ ಹಾಕಿದ್ರೆ ಏನಾಗ್ತಿತ್ತು ಗೊತ್ತಾ? ದ್ವೀಪದಲ್ಲಿ 40 ಸಾವಿರಕ್ಕೂ ಹೆಚ್ಚು ರಷ್ಯನ್ ಸೈನಿಕರಿದ್ರು, ಅಮೆರಿಕ ಅಂದ್ಕೊಂಡಿದ್ದು ಸುಮಾರು 10 ಸಾವಿರ. ಅಣು ಸಿಡಿತಲೆಗಳು ಆಗ್ಲೇ ಬಂದು ಕೂತಿದ್ವು. ರಕ್ಷಣಾ ಕಾರ್ಯದರ್ಶಿಯಾಗಿದ್ದ ಮೆಕ್‌ನಮಾರಾಗೆ ಇದು ಪೂರ್ತಿ ಗೊತ್ತಾಗಿದ್ದು 1992ರಲ್ಲಿ ಹವಾನಾದ ಒಂದು ಸಮ್ಮೇಳನದಲ್ಲಿ ಕೂತಾಗ, ಮೂವತ್ತು ವರ್ಷದ ಮೇಲೆ.

ಕೊನೆಗೆ ಬಗೆಹರಿದಿದ್ದು ಕೊಡುಕೊಳ್ಳೋ ವ್ಯವಹಾರದಿಂದ. ನೀವು ಕ್ಯೂಬಾದಿಂದ ತೆಗೀರಿ, ನಾವು ಟರ್ಕಿಯಿಂದ ನಮ್ಮ ಜುಪಿಟರ್ ಕ್ಷಿಪಣಿ ತೆಗೀತೀವಿ. ಆದ್ರೆ ಈ ಟರ್ಕಿ ವಿಷಯ ಗುಟ್ಟು. ರೂಮೊಳಗಿನ ಸಣ್ಣ ರೂಮಲ್ಲಿ ಎಂಟೊಂಬತ್ತು ಜನಕ್ಕೆ ಮಾತ್ರ ಗೊತ್ತು, 1980ರ ದಶಕದವರೆಗೂ ಹೊರಗೆ ಬರ್ಲಿಲ್ಲ. ಜನರಿಗೆ ಹೋದ ಸುದ್ದಿ ಏನು? ನಾವು ಕಣ್ಣು ಕೆಂಪಗೆ ಮಾಡಿದ್ವಿ, ಅವರು ಬಾಲ ಮುದುರ್ಕೊಂಡ್ರು. ಆ ಸಣ್ಣ ರೂಮಿಗೆ ಸೇರಿಸ್ಕೊಳ್ಳದೇ ಇದ್ದೋರಲ್ಲಿ ಒಬ್ಬ ಉಪಾಧ್ಯಕ್ಷ ಲಿಂಡನ್ ಜಾನ್ಸನ್. ವರ್ಷ ತುಂಬಿ ಒಂದು ತಿಂಗಳಿಗೆ ಕೆನೆಡಿ ಕೊಲೆಯಾಗಿ ಜಾನ್ಸನ್ ಅಧ್ಯಕ್ಷನಾದ, ಕಣ್ಣು ಕೆಂಪಗೆ ಮಾಡಿದ್ರೆ ಕೆಲಸ ಆಗುತ್ತೆ ಅನ್ನೋ ಅರ್ಧ ಕಥೆ ಇಟ್ಕೊಂಡು.

1964ರ ಆಗಸ್ಟ್ 2ಕ್ಕೆ ವಿಯೆಟ್ನಾಂ ಪಕ್ಕದ ಟೊಂಕಿನ್ ಕೊಲ್ಲಿಯಲ್ಲಿ ಮ್ಯಾಡಕ್ಸ್ ಅನ್ನೋ ಅಮೆರಿಕದ ಹಡಗಿನ ಮೇಲೆ ನಿಜವಾಗ್ಲೂ ದಾಳಿ ಆಗಿತ್ತು. ಎರಡು ದಿನ ಬಿಟ್ಟು ರಾತ್ರಿ ಮತ್ತೆ ದಾಳಿ ಅಂತ ಸಂದೇಶ. ಕತ್ತಲು, ಕೆಟ್ಟ ಹವಾಮಾನ, ಎಲ್ಲೆಲ್ಲೂ ಟಾರ್ಪಿಡೋ ಸದ್ದು. ಕೆಲವೇ ಗಂಟೆಯಲ್ಲಿ ಹಡಗಿನ ಮೇಲಿದ್ದ ಕ್ಯಾಪ್ಟನ್ ಹೆರಿಕ್ಕೇ ಇನ್ನೊಂದು ಸಂದೇಶ ಕಳ್ಸಿದ, ರೇಡಾರ್ ಮೇಲೆ ಹವಾಮಾನದ ಪರಿಣಾಮ ಇರಬಹುದು, ಸೋನಾರ್ ಹುಡುಗರ ಅತಿ ಉತ್ಸಾಹ ಇರಬಹುದು, ಮುಂದುವರಿಯೋ ಮುಂಚೆ ಪೂರ್ತಿ ಪರಿಶೀಲಿಸಿ ಅಂತ. ಜಾಗದಲ್ಲಿದ್ದ ಮನುಷ್ಯನ ಮಾತು ಇದು. ಅವತ್ತು ರಾತ್ರಿಯೇ ಜಾನ್ಸನ್ ಟಿವಿಯಲ್ಲಿ ಬಂದು ಪ್ರತಿದಾಳಿ ಸಾರಿದ. 7ನೇ ತಾರೀಖು ಸಂಸತ್ತು ಯುದ್ಧಕ್ಕೆ ಬೇಕಾದ ಅಧಿಕಾರ ಕೊಡ್ತು, ಕೆಳಮನೆಯಲ್ಲಿ 416ಕ್ಕೆ ಸೊನ್ನೆ, ಸೆನೆಟ್‌ನಲ್ಲಿ 88ಕ್ಕೆ 2. ಚೀಟಿ ಕಳ್ಸಿದೋರಿಗೆ ಹೇಳ್ತಿದೀನಿ, ಇದು ಪ್ರಜಾಪ್ರಭುತ್ವ.

ಮಾರನೇ ವರ್ಷ ಮಾರ್ಚ್‌ನಲ್ಲಿ ಮೆಕ್‌ನಮಾರಾನ ಕೈಕೆಳಗಿದ್ದ ಮೆಕ್‌ನಾಟನ್ ಒಂದು ಟಿಪ್ಪಣಿಯಲ್ಲಿ, ನಾವು ಯಾಕೆ ಅಲ್ಲಿದೀವಿ ಅನ್ನೋದನ್ನ ಪರ್ಸೆಂಟಲ್ಲಿ ಬರೆದ. 70 ಪರ್ಸೆಂಟ್ ಅವಮಾನಕರ ಸೋಲು ತಪ್ಪಿಸ್ಕೊಳ್ಳೋಕೆ, 20 ಪರ್ಸೆಂಟ್ ಆ ನೆಲ ಚೀನಾ ಕೈಗೆ ಹೋಗದೇ ಇರೋಕೆ, 10 ಪರ್ಸೆಂಟ್ ಅಲ್ಲಿಯ ಜನ ಸ್ವತಂತ್ರವಾಗಿ ಚೆನ್ನಾಗಿ ಬಾಳೋಕೆ. ಭಾಷಣದಲ್ಲಿ ಬರ್ತಿದ್ದಿದ್ದು ಆ ಕೊನೇ ಹತ್ತು ಮಾತ್ರ. ಉಳಿದ ಎಪ್ಪತ್ತು ತೋಜೊನ ವಾದವೇ, ಬಟ್ಟೆ ಬೇರೆ. ಗೆಲ್ತಿದೀವಾ ಇಲ್ವಾ ಅಂತ ತಿಳ್ಕೊಳ್ಳೋಕೆ ಹೆಣ ಎಣಿಸಿದ್ರು. ಎಣಿಕೆ ಜಾಸ್ತಿ ಬಂದ ಅಧಿಕಾರಿಗೆ ಬಡ್ತಿ ಅಂದ್ಮೇಲೆ ಸತ್ತ ರೈತನೂ ಶತ್ರು ಸೈನಿಕನೇ. ಹನೋಯ್‌ನ ಇಲಿ ಬಾಲ ಅಂದೆನಲ್ಲ. 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು, ವಿಯೆಟ್ನಾಮಿನವರು ಲಕ್ಷಗಟ್ಟಲೆ.

1995ರ ನವೆಂಬರ್‌ನಲ್ಲಿ ಮೆಕ್‌ನಮಾರಾ ಹನೋಯ್‌ಗೆ ಹೋದ. ಆಗ ವಯಸ್ಸು ಎಪ್ಪತ್ತೊಂಬತ್ತು. ಅಲ್ಲಿ ಅಮೆರಿಕವನ್ನ ಸೋಲಿಸಿದ ಜನರಲ್ ಜ್ಯಾಪ್ ಎದುರಿಗೆ ಕೂತು ಅವನು ಕೇಳಿದ್ದು ಆ ಹಳೇ ಪ್ರಶ್ನೆ, 1964ರ ಆಗಸ್ಟ್ 4ನೇ ತಾರೀಖು ಏನಾಯ್ತು? ಏನೂ ಆಗಿರ್ಲಿಲ್ಲ ಅಂದ ಜ್ಯಾಪ್.